ಹಲ್ಲು ಡಾಕ್ಟರು

ಗುಜರಿ ಅಂಗಡಿಯವರೆಲ್ಲ ಸೇರಿ ಆ ವಯಸ್ಸಾದ ಮೆಕ್ಯಾನಿಕ್‌ಗೆ ಇಟ್ಟ ಹೆಸರು ಹಲ್ಲು ಡಾಕ್ಟರು. ಹಳೇ ಲಾರಿಯೊಂದಕ್ಕೆ ಹಿಂದಿನ ಆಕ್ಸಲ್ ಹುಡುಕುತ್ತ ಅವರು ಕಾಲಿಟ್ಟರೆಂದರೆ ಮಾಲೀಕರ ಮುಖ ಹುಳ್ಳಗಾಗುತ್ತಿತ್ತು. ಬಣ್ಣ ಬಳಿದ ಕಬ್ಬಿಣ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಆಕ್ಸಲ್ ಮೇಲಿನ ಪಾರ್ಟ್ ನಂಬರ್ ಮುಚ್ಚೋಕೆ ಬಣ್ಣ ಹೊಡ್ದಿದ್ದೀಯಲ್ಲ, ನಾಚಿಕೆ ಆಗಲ್ವಾ?" ಎನ್ನುತ್ತ ತಂತಿ ಬ್ರಷ್ಷಿನಿಂದ ಗಸಗಸ ಉಜ್ಜುವರು, ಅಗಲ ಅಳೆಯುವರು, ಮುಚ್ಚಳ ಬಿಚ್ಚಿಸಿ ಒಳಗಿನ ಗೇರಿನ ಹಲ್ಲು ಎಣಿಸುವರು. "ಯಾವ ಲಾರಿಗಾದ್ರೂ ಕೂರುತ್ತೆ ಸಾರ್" ಎಂದವನ ಕಥೆ ಮುಗಿಯಿತು. "ಕೂರೋದು ಬೇರೆ, ಹೊಂದೋದು ಬೇರೆ. ಬಾಯಿಗೆ ಬಂದದ್ದು ಹೇಳಿ ಜನರನ್ನ ಸಾಯಿಸ್ಬೇಡ." ಆ ಸಿಟ್ಟಿನಲ್ಲಿ ಅರ್ಧ ಪಾಲು ಅವರಿಗೆ ಅವರ ಮೇಲೆಯೇ ಇತ್ತು. ಹಿಂದೊಮ್ಮೆ ಹಲ್ಲೆಣಿಸದೆ "ಇದೇ ಸರಿ" ಎಂದು ಅವರೇ ಕೂರಿಸಿದ ಆಕ್ಸಲ್ ಇಳಿಜಾರಿನಲ್ಲಿ ಮುರಿದು, ಲಾರಿ ಓಡಿಸುತ್ತಿದ್ದ ತಮ್ಮನ ಒಂದು ಕಾಲು ಹೋಗಿತ್ತು. ಈಗ ರಿಪೇರಿ ಮಾಡುತ್ತಿದ್ದುದು ಅದೇ ಲಾರಿಯನ್ನು. ಕೊನೆಗೊಂದು ದಿನ ನಂಬರು, ಅಗಲ, ಹಲ್ಲು ಎಲ್ಲವೂ ತಾಳೆಯಾದ ಆಕ್ಸಲ್ ಸಿಕ್ಕಿತು. ಮೂರು ಸಲ ಎಣಿಸಿದರೂ ಸಮಾಧಾನವಾಗದೆ ತಮ್ಮನನ್ನು ಅಂಗಡಿಗೇ ಕರೆಸಿದರು. "ನೀನೊಂದ್ಸಲ ಎಣ್ಸು." "ನೀನು ಎಣ್ಸಿದ್ಯಲ್ಲ ಅಣ್ಣ, ಸಾಕು ಬಿಡು," ಎಂದ ತಮ್ಮ. "ನಾನು ಎಣ್ಸಿದ್ರೆ ಸಾಕಾಗಲ್ಲ ಕಣೋ," ಎಂದು ಅವರು ಗದರಿದರು. ತಮ್ಮ ಊರುಗೋಲನ್ನು ಅಣ್ಣನ ಕೈಗೆ ಕೊಟ್ಟು, ಮೆಲ್ಲಗೆ ನೆಲಕ್ಕೆ ಕೂತು, ಮೊದಲ ಹಲ್ಲಿನ ಮೇಲೆ ಬೆರಳಿಟ್ಟ.