ಗುಂಡಿನ ತೂತು ಮುಚ್ಚಿದ ನಮ್ಮಪ್ಪ

ನಮ್ಮಪ್ಪ ರಫು ಮಾಡುವವನು. ತೇಪೆ ಹಾಕುವವನು ಅಂತ ಯಾರಾದರೂ ಅಂದರೆ ಅವತ್ತು ಅವನಿಗೆ ಊಟ ಸೇರುವುದಿಲ್ಲ. ತೇಪೆ ಕಾಣುತ್ತದೆ, ರಫು ಕಾಣಬಾರದು. ಬಟ್ಟೆಯ ಒಳಮಡಿಕೆಯಿಂದ ಅದರದೇ ಎಳೆಗಳನ್ನು ಬಿಡಿಸಿಕೊಂಡು, ತೂತಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ನೇಯ್ದು, ಅಲ್ಲೊಂದು ತೂತಿತ್ತೆಂದು ಬಟ್ಟೆಗೇ ಮರೆತುಹೋಗುವಂತೆ ಮಾಡುವುದು ಅವನ ಕಸುಬು. ಬಸ್ ನಿಲ್ದಾಣದ ಹಿಂದೆ, ಬೀಗದ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಅವನು ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗದಲ್ಲಿ ನಲವತ್ತು ವರ್ಷ ಸೂಜಿ ಹಿಡಿದಿದ್ದಾನೆ.

ಆ ಕಸುಬಿನಲ್ಲಿ ಒಂದು ಕಟ್ಟಳೆಯುಂಟು: ತೂತು ಹೇಗಾಯಿತು ಅಂತ ಕೇಳಬಾರದು. ಮದುವೆಯಾದವನ ಶರ್ಟಿನ ಬೆನ್ನಲ್ಲಿ ಉಗುರಿನ ಗೀರಿರಲಿ, ಸಿಗರೇಟು ಬಿಟ್ಟೆ ಎಂದು ಆಣೆ ಮಾಡಿದವನ ಜೇಬು ಸುಟ್ಟಿರಲಿ, ಅಪ್ಪ "ಶುಕ್ರವಾರ ಬನ್ನಿ" ಅನ್ನುತ್ತಾನೆ, ಅಷ್ಟೇ. ಇಡೀ ಊರಿನ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಹಾಯಾಗಿ ನಿದ್ದೆ ಮಾಡುವ ಮನುಷ್ಯ ಅವನೊಬ್ಬನೇ. ಅಮ್ಮನಿಗೆ ಇದರ ಮೇಲೆ ತೀರದ ಸಿಟ್ಟು. ನಲವತ್ತು ವರ್ಷದಲ್ಲಿ ಗಂಡನ ಬಾಯಿಂದ ಒಂದೇ ಒಂದು ಒಳ್ಳೆಯ ಸುದ್ದಿ ಹೊರಡಲಿಲ್ಲವಲ್ಲ ಎಂದು.

ನಾನು ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಹರಿಯುತ್ತಿದ್ದೆ. ಏಳು ವರ್ಷದಿಂದ ತಾತ್ಕಾಲಿಕ. ಐವತ್ತು ವರ್ಷದ ಹಿಂದೆ ಪುರಭವನದ ಮೆಟ್ಟಿಲ ಮೇಲೆ ಗುಂಡೇಟಿಗೆ ಬಲಿಯಾದ ನಮ್ಮ ದೊಡ್ಡ ನಾಯಕರ ಮನೆಯೇ ಆ ಮ್ಯೂಸಿಯಂ. ಅಲ್ಲಿ ಅವರ ಕನ್ನಡಕ, ಊರುಗೋಲು, ದೇಹದೊಳಗಿಂದ ತೆಗೆದ ಒಂದು ಗುಂಡು ಇವೆ. ಎಲ್ಲಕ್ಕಿಂತ ಮುಖ್ಯ, ಗೋಡೆಗೆ ಒತ್ತಿಕೊಂಡ ಗಾಜಿನ ಬೀರುವಿನಲ್ಲಿ ಅವತ್ತು ತೊಟ್ಟಿದ್ದ ಕಪ್ಪು ಉಣ್ಣೆಯ ಕೋಟು. ಕೋಟಿನ ಎಡ ಎದೆಯ ಮೇಲೆ ತೂತು. ಆ ತೂತಿನ ಮುಂದೆ ನಿಂತು ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಒರೆಸಿಕೊಳ್ಳದೆ ಏನು! ಸಿನಿಮಾ ಎಲ್ಲರೂ ನೋಡಿದ್ದರು. ಅದರಲ್ಲಿ ನಾಯಕರು ಮೆಟ್ಟಿಲ ಮೇಲೆ ನಿಂತು, ಎದೆಯೊಡ್ಡಿ, "ಹೊಡಿ, ಇಲ್ಲಿ ಹೊಡಿ" ಎಂದು ಮೂರು ನಿಮಿಷ ಭಾಷಣ ಮಾಡುತ್ತಾರೆ. ಕೊಲೆಗಾರನೂ ಪಾಪ, ಮುಗಿಯುವವರೆಗೆ ಕಾಯುತ್ತಾನೆ. ಆಮೇಲೆ ಶಾಲೆಗಳಲ್ಲಿ ವಾರ್ಷಿಕೋತ್ಸವಕ್ಕೆಲ್ಲ ಅದೇ ನಾಟಕ. ಏಳನೇ ತರಗತಿಯಲ್ಲಿ ನಾನೇ ಕೊಲೆಗಾರ್ತಿ. ನಾಯಕನಾದವಳು ಸತ್ತ ಮೇಲೂ ಎರಡು ಸಲ ಎದ್ದು ಮಾತಾಡಿದ್ದಕ್ಕೆ ಇನ್ನೆರಡು ಗುಂಡು ಹಾರಿಸಿ ಮೇಷ್ಟರ ಕೈಲಿ ಬೈಸಿಕೊಂಡಿದ್ದೆ. ಹಳೆಯ ಕೋರ್ಟಿನ ಕಾಗದದಲ್ಲಿ ಏನು ಬರೆದಿತ್ತೋ, ಓದುವ ತಾಪತ್ರಯ ಯಾರಿಗೆ ಬೇಕಿತ್ತು?

ಐವತ್ತನೇ ವರ್ಷದ ಕಾರ್ಯಕ್ರಮಕ್ಕೆ ತಿಂಗಳಿದ್ದಾಗ ಕೋಟಿಗೆ ನುಸಿ ಬಿದ್ದದ್ದು ಕಂಡುಬಂತು. ನಮ್ಮ ಸಾಹೇಬರು ನನ್ನನ್ನು ಕರೆದರು.

"ನಿಮ್ಮ ತಂದೆ ರಫು ಮಾಡ್ತಾರಂತಲ್ಲಮ್ಮ. ಮಾಡಿಸಿಕೊಡಿ. ಕಾರ್ಯಕ್ರಮ ಚೆನ್ನಾಗಾಗಲಿ, ಅವತ್ತೇ ನಿಮ್ಮ ಖಾಯಂ ಆದೇಶ ಕೈಗೆ ಕೊಡ್ತೀನಿ. ಒಂದು ತೂತೂ ಕಾಣಬಾರದು, ನೋಡಿ."

ನಾನು ಅಪ್ಪನಿಗೆ ಅದನ್ನೇ ಹೇಳಿದೆ. "ಅಪ್ಪ, ಒಂದು ತೂತೂ ಉಳೀಬಾರದು." ಯಾರ ಕೋಟು ಅಂತ ನಾನು ಹೇಳಲಿಲ್ಲ, ಕಟ್ಟಳೆ ಪ್ರಕಾರ ಅವನು ಕೇಳಲೂ ಇಲ್ಲ. ಸಿನಿಮಾ ನೋಡದ ಪ್ರಾಣಿ ಊರಲ್ಲಿ ಒಂದಿತ್ತು, ಅದು ನಮ್ಮಪ್ಪ.

ಐದನೇ ದಿನ ಹೋಗಿ ನೋಡಿದರೆ ಕೋಟು ಈಗಷ್ಟೇ ದರ್ಜಿಯ ಕೈಯಿಂದ ಬಂದಂತಿತ್ತು. ಹಿಗ್ಗಿದೆ. ಮರುಕ್ಷಣ ಕೋಟಿನ ಎಡ ಎದೆಯನ್ನು ಬೆರಳಲ್ಲಿ ತಡಕಿದೆ.

"ಅಪ್ಪ, ತೂತು ಎಲ್ಲಿ?"

"ಯಾವ ತೂತು? ಹನ್ನೆರಡಿದ್ವು. ಹನ್ನೆರಡೂ ಮುಚ್ಚಿದೀನಿ."

"ಗುಂಡು ಬಿದ್ದ ತೂತು ಕಣಪ್ಪ! ದೇಶವೇ ಅಳೋ ತೂತು!"

ಐವತ್ತು ವರ್ಷದ ಹಿಂದೆ ಸತ್ತವರನ್ನು ಈ ಮಹಾನುಭಾವ ಐದು ದಿನದಲ್ಲಿ ಬದುಕಿಸಿ ಕೂರಿಸಿದ್ದ. ನನಗೆ ಅಲ್ಲೇ ಬೀದಿಯಲ್ಲಿ ಕೂತು ಗೋಳೋ ಅಂತ ಅಳಬೇಕೆನಿಸಿತು. ಏಳು ವರ್ಷದ ಕೆಲಸ ನನ್ನಪ್ಪನ ಸೂಜಿಯ ತುದಿಯಲ್ಲಿ ಹೋಯಿತಲ್ಲ!

ಸಾಹೇಬರು ಕೋಟು ನೋಡಿ ಕುರ್ಚಿಯಲ್ಲಿ ಕುಸಿದರು. ಆಮೇಲೆ, ಸಿಗರೇಟಿನಿಂದ ಎದೆಯ ಮೇಲೆ ಒಂದು ತೂತು ಸುಟ್ಟುಬಿಟ್ಟರೆ ಹೇಗೆ ಎಂದರು. ಜೊತೆಗೆ ಬಂದಿದ್ದ ಅಪ್ಪ ಕೋಟನ್ನು ಕಸಿದುಕೊಂಡ.

"ನನ್ನ ಕೈಕೆಲಸದ ಮೇಲೆ ಬೆಂಕಿ ಇಡ್ತೀರಾ? ಮುಚ್ಚಿದೋನು ನಾನು, ತೆಗೆಯೋನೂ ನಾನೇ."

ಅಂದದ್ದೇನೋ ಜಂಬದಿಂದ. ಮನೆಗೆ ಬಂದು ಹುಡುಕಿದರೆ ತಾನು ಮಾಡಿದ ರಫು ತನಗೇ ಸಿಗಲೊಲ್ಲದು. ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ತಂದ. ಕಿಟಕಿಯ ಬಿಸಿಲಿಗೆ ಹಿಡಿದ, ಒದ್ದೆ ಬೆರಳಲ್ಲಿ ಸವರಿದ. ಎರಡು ದಿನ! "ಸಿಗ್ತಾನೇ ಇಲ್ಲ ಕಣೇ" ಎಂದು ಒಂದೊಂದು ಗಂಟೆಗೂ ಹೇಳುತ್ತಿದ್ದ. ಮುಖ ನೋಡಿದರೆ ಬಹುಮಾನ ಬಂದವನ ಹಾಗೆ ಹೊಳೆಯುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಒಂದು ತೂತು ತೆರೆದು ನನ್ನ ಮುಂದೆ ಹಿಡಿದ. ಅದು ಕೋಟಿನ ಬೆನ್ನಲ್ಲಿತ್ತು.

"ಇದಲ್ಲಪ್ಪ, ಎದೆ ಮೇಲಿಂದು!"

"ಎದೆ ಮೇಲಿಂದು ನುಸಿ ತಿಂದಿದ್ದು. ಅಂಚೆಲ್ಲ ಸವೆದು ಬೋಳಾಗಿತ್ತು. ಇದರ ಅಂಚು ಸುಟ್ಟು ಗಟ್ಟಿಯಾಗಿತ್ತು, ಎಳೆಗಳು ಒಳಕ್ಕೆ ಮುರಿದಿದ್ವು. ಗುಂಡು ಅಂತ ಬಿದ್ದಿದ್ದರೆ ಇಲ್ಲೇ."

"ಹಂಗಂದ್ರೆ ಏನರ್ಥ?"

ಅಪ್ಪ ಕೋಟು ಮಡಿಸತೊಡಗಿದ. ಕಟ್ಟಳೆ ಅಡ್ಡ ಬಂತು. ನಾನೇ ಕೈ ಮುಗಿದೆ. ಏನಾದರೂ ಆಗಿರಲಿ, ಎದೆಯ ಮೇಲಿನದನ್ನೂ ತೆಗೆ, ಕಾರ್ಯಕ್ರಮದ ದಿನ ಬಾಯಿ ಬಿಡಬೇಡ, ನನ್ನ ಅನ್ನದ ಪ್ರಶ್ನೆ ಎಂದೆ. ಅವನು ಗೊಣಗುತ್ತಾ ನುಸಿಯ ತೂತನ್ನೂ ತೆರೆದ.

"ತೂತಿನ ವಿಷಯ ನಾನು ಯಾವತ್ತು ಯಾರ ಹತ್ರ ಮಾತಾಡಿದೀನಿ?" ಎಂದ. ಅದು ನಿಜವೇ ಆದ್ದರಿಂದ ನನಗೆ ಧೈರ್ಯ ಬಂತು.

ಕಾರ್ಯಕ್ರಮಕ್ಕೆ ನಾಯಕರ ಮಗಳೇ ಮುಖ್ಯ ಅತಿಥಿ. ತಂದೆ ಹೋದಾಗ ಎಂಟು ವರ್ಷದವರು, ಈಗ ತಲೆ ಪೂರಾ ಬೆಳ್ಳಗೆ. ಇಷ್ಟು ವರ್ಷ ಕರೆದರೂ ಬರದಿದ್ದವರು ಈ ಸಲ ಬಂದಿದ್ದರು. ಸಾಹೇಬರ ಜೇಬಿನಿಂದ ನನ್ನ ಆದೇಶದ ಲಕೋಟೆಯ ತುದಿ ಇಣುಕುತ್ತಿತ್ತು. ಭಾಷಣಗಳೆಲ್ಲ ಮುಗಿದ ಮೇಲೆ ಆಕೆ ಕೋಟನ್ನು ಮುಟ್ಟಿ ನೋಡಬೇಕೆಂದರು. ಸಾಹೇಬರು ಬೀರು ತೆಗೆದು ಅದನ್ನು ಮೇಜಿನ ಮೇಲೆ ಹಾಸಿದರು. ಆಕೆ ಎದೆಯ ತೂತನ್ನು ನೋಡಿದರು, ಬೆರಳಿಡಲಿಲ್ಲ.

"ಇಷ್ಟು ಚೆನ್ನಾಗಿ ಯಾರು ಸರಿಮಾಡಿದ್ದು?"

ಸಾಹೇಬರು ಉಬ್ಬಿ, ಕಂಬದ ಪಕ್ಕ ತನ್ನ ಕೆಲಸ ನೋಡಲು ಬಂದು ನಿಂತಿದ್ದ ಅಪ್ಪನನ್ನು ತೋರಿಸಿದರು. ಆಕೆ ಅವನ ಹತ್ತಿರ ಹೋಗಿ ಮೆಲ್ಲಗೆ ಮಾತಾಡಿದರು. ನಾನೂ ಸಾಹೇಬರೂ ಪಕ್ಕದಲ್ಲೇ ಇದ್ದೆವು.

"ನೀವು ಸರಿಮಾಡಿದ್ದೇನೋ ಸರಿ. ನನಗೆ ಮಾತ್ರ ಈ ಕೋಟು ಕಂಡರೆ ಕೋಪ. ಅಪ್ಪ ಬರ್ತಾರೆ ಅಂತ ಬಾಗಿಲಲ್ಲಿ ಕಾಯ್ತಾ ಕೂತಿದ್ದೆ ಅವತ್ತು. ಎದೆ ಕೊಟ್ಟು ನಿಂತರಂತೆ, ಭಾಷಣ ಮಾಡಿದರಂತೆ. ಮನೇಲಿ ಒಂದು ಮಗು ಇದೆ ಅಂತ ಒಂದು ಕ್ಷಣಕ್ಕಾದರೂ ನೆನಪಾಗಲಿಲ್ವಾ ಅವರಿಗೆ?"

ಅಪ್ಪ ನೆಲ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನ ಬಾಯಿಗೆ ಬೀಗ ಹಾಕಿದವಳು ನಾನು, ತೆಗೆಯಬೇಕಾದವಳೂ ನಾನೇ. ಸಾಹೇಬರು ನನಗೆ ಕಣ್ಣು ಬಿಡುತ್ತಿದ್ದರು. ಲಕೋಟೆ ಅಲ್ಲೇ ಇತ್ತು. ನನಗೆ ಭಯವಾಯಿತು. ಆದರೆ ಆ ಬಿಳಿ ತಲೆಯ ಹೆಂಗಸು ಐವತ್ತು ವರ್ಷವಾದರೂ ಇನ್ನೂ ಆ ಬಾಗಿಲಲ್ಲೇ ಕೂತಿರುವುದನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

"ಹೇಳಪ್ಪ," ಎಂದೆ.

ಲಕೋಟೆ ಅವತ್ತು ಸಾಹೇಬರ ಜೇಬಿನಲ್ಲೇ ಮನೆಗೆ ಹೋಯಿತು. ನನ್ನ ಕೈಗೆ ಬರಲು ಇನ್ನೂ ಒಂದೂವರೆ ವರ್ಷ ಹಿಡಿಯಿತು.

ಅಪ್ಪ ಕೋಟನ್ನು ಮಗುಚಿ ಹಾಕಿದ. "ಎದೆ ಮೇಲಿಂದು ನುಸಿ, ತಾಯಿ. ಗುಂಡು ಬಿದ್ದಿದ್ದು ಇಲ್ಲಿ, ಬೆನ್ನಿಗೆ. ಎರಡೂ ಕಂಕುಳ ಹೊಲಿಗೆ ಬಿಟ್ಟುಹೋಗಿತ್ತು. ನಿಂತವರ ಕೋಟು ಹಂಗೆ ಬಿಡಲ್ಲ. ಜೋರಾಗಿ ಕೈ ಬೀಸಿ ಓಡಿದವರದ್ದೇ ಬಿಡೋದು."

ಆಕೆ ಬೆನ್ನಿನ ತೂತಿಗೆ ಬೆರಳಿಟ್ಟರು.

"ಓಡಿದರಾ?"

"ಓಡಿದರು, ತಾಯಿ."

"ಮನೆ ಕಡೆಗಾ?"

ಹೌದು ಅಂದುಬಿಡಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದ.

"ಅದನ್ನ ಬಟ್ಟೆ ಹೇಳಲ್ಲ. ಜೀವ ಉಳಿಸಿಕೊಳ್ಳೋಕೆ ಓಡಿದರು, ಅಷ್ಟು ಹೇಳುತ್ತೆ."

"ಅಷ್ಟು ಸಾಕು," ಎಂದರು ಆಕೆ. ನಗುತ್ತಿದ್ದರು, ಕಣ್ಣೀರು ಇಳಿಯುತ್ತಿತ್ತು. "ಓಡಿದರಂತೆ," ಎಂದು ಸಾಹೇಬರ ಕಡೆ ತಿರುಗಿ, ಒಳ್ಳೆಯ ಸುದ್ದಿ ಹಂಚುವವರ ಹಾಗೆ ಜೋರಾಗಿ ಹೇಳಿದರು. "ನಮ್ಮಪ್ಪ ಓಡಿದರಂತೆ!"