ಶಾಂತಕ್ಕನ ನುಗ್ಗೆಸೊಪ್ಪಿನ ಹಿಟ್ಟು

ಐಮಂಗಲದ ಹೆದ್ದಾರಿ ಪಕ್ಕದಲ್ಲಿ ಶಾಂತಕ್ಕನ ಪುಟ್ಟ ಅಂಗಡಿ. ನವಣೆ, ಹುರುಳಿ ಹುರಿದು, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು ಸೇರಿಸಿ ಬೀಸಿದ ಹಿಟ್ಟನ್ನು ಆಕೆ ಅಲ್ಲಿ ಮಾರುತ್ತಾಳೆ. ಮೊದಲು ಮಾಡಿದ್ದು ಸೊಸೆ ಸುಷ್ಮಿತಾಳಿಗಾಗಿ. ಹೆರಿಗೆಯ ನಂತರ ರಕ್ತ ಕಡಿಮೆಯಾಗಿ ನಾಲ್ಕು ಹೆಜ್ಜೆಗೂ ಏದುಸಿರು ಬಿಡುತ್ತಿದ್ದ ಹುಡುಗಿಗೆ ಡಾಕ್ಟರು ಮಾತ್ರೆ ಕೊಟ್ಟರು. ಅದರ ಜೊತೆಗೆ ಅತ್ತೆ ದಿನಾ ಈ ಹಿಟ್ಟಿನ ಗಂಜಿ ಕುಡಿಸಿದಳು. ಸುಷ್ಮಿತಾ ಚೇತರಿಸಿಕೊಂಡಿದ್ದನ್ನು ನೋಡಿ ಅಕ್ಕಪಕ್ಕದವರೂ ಕೇಳತೊಡಗಿದರು. ಹಾಗೇ ಅಂಗಡಿಯಾಯಿತು.

ಪೊಟ್ಟಣಕ್ಕೆ ಚೀಟಿ ಅಚ್ಚು ಹಾಕಿಸಿದವನು ಶಾಂತಕ್ಕನ ತಮ್ಮನ ಮಗ ಹರೀಶ್. ಹುಡುಗನ ಮೇಲಿನ ನಂಬಿಕೆಯಿಂದ ಆಕೆ ಅದನ್ನು ಓದಿಯೂ ನೋಡಲಿಲ್ಲ. ವ್ಯಾಪಾರ ಏರಿತು. ಹಿರಿಯೂರು, ಹೊಳಲ್ಕೆರೆಯ ಅಂಗಡಿಗಳಿಗೂ ಹಿಟ್ಟು ಹೋಯಿತು.

ಒಂದು ದಿನ ಹಿರಿಯೂರಿನ ದರ್ಜಿ ಮುರುಗಪ್ಪನ ಹೆಂಡತಿ ವೀರಮ್ಮ ಒಬ್ಬಳೇ ಬಂದಳು.

"ಯಾಕವ್ವಾ, ಯಜಮಾನ್ರು ಬರ್ಲಿಲ್ಲ?"

"ಆಸ್ಪತ್ರೇಲವ್ರೆ ಕಣಕ್ಕ. ಶುಗರ್ ಏರಿ, ತಲೆ ತಿರುಗಿ ಬಿದ್ರು. ನಿಮ್ಮ ಹಿಟ್ಟು ಐತಲ್ಲ ಅಂತ ಮಾತ್ರೆ ಬಿಟ್ಟಿದ್ರು."

"ಹಂಗಂತ ಯಾರು ಹೇಳಿದ್ರು?"

ವೀರಮ್ಮ ಪೊಟ್ಟಣ ತೋರಿಸಿದಳು: 'ಸಕ್ಕರೆ ಕಾಯಿಲೆಗೆ ರಾಮಬಾಣ.'

ಶಾಂತಕ್ಕ ಅಂಗಡಿಗೆ ಬೀಗ ಹಾಕಿ ವೀರಮ್ಮನ ಜೊತೆಗೇ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ಮುರುಗಪ್ಪನ ಮಂಚದ ಪಕ್ಕ ನಿಂತು, "ಇದು ಊಟ ಕಣ್ರಿ, ಔಷಧಿ ಅಲ್ಲ. ಮೊದ್ಲು ಮಾತ್ರೆ ನುಂಗ್ರಿ, ಗಂಜಿ ಆಮ್ಯಾಲೆ. ತಪ್ಪು ನಮ್ದು" ಎಂದು ಕೈಮುಗಿದಳು.

ಮನೆಗೆ ಬಂದವಳೇ ಚೀಟಿಗಳನ್ನೆಲ್ಲ ಒಲೆಗೆ ಹಾಕತೊಡಗಿದಳು. ಹರೀಶ್ ತಡೆದ. "ಅತ್ತೆ, ಎಲ್ರೂ ಹಿಂಗೇ ಬರೀತಾರೆ. ಇಲ್ಲಾಂದ್ರೆ ಯಾರು ತಗಂತಾರೆ?"

"ಇನ್ನೊಬ್ರು ಬಿದ್ದು ನಮ್ಮ ಅಂಗಡಿ ಏಳದು ಬ್ಯಾಡ ಕಣೋ."

ಹರೀಶ್ ಮರುದಿನ ತಾನೇ ಬೈಕು ತೆಗೆದು, ಅಂಗಡಿ ಅಂಗಡಿ ಸುತ್ತಿ ಪೊಟ್ಟಣಗಳನ್ನು ವಾಪಸು ತಂದ. ಹೊಸ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿದರು: 'ಇದು ಆಹಾರ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.'

ಹೊಳಲ್ಕೆರೆಯ ಅಂಗಡಿಯವರು ಮತ್ತೆ ಹಿಟ್ಟು ಕೇಳಲಿಲ್ಲ. ಕೆಲ ತಿಂಗಳು ವ್ಯಾಪಾರ ಕುಂಟಿತು. ಶಾಂತಕ್ಕ ಚೀಟಿ ಬದಲಿಸಲಿಲ್ಲ. ಗುಣವಾದ ಮುರುಗಪ್ಪ ಮಾತ್ರ ತನ್ನ ಬೀದಿಯ ನಾಲ್ಕು ಮನೆಯವರನ್ನು ಕರೆತಂದ. ಮೆಲ್ಲಗೆ ಜನ ತಿರುಗಿ ಬಂದರು.

ಈಗಲೂ ಆಕೆ ಪೊಟ್ಟಣ ಕೈಗೆ ಕೊಡುವ ಮುಂಚೆ, "ಮಾತ್ರೆ ತಪ್ಪಿಸ್ತಿಲ್ಲ ತಾನೆ?" ಎಂದು ಕೇಳುತ್ತಾಳೆ. ಮೊನ್ನೆ ಲಾರಿ ಡ್ರೈವರೊಬ್ಬ ನಕ್ಕುಬಿಟ್ಟ. "ನಮ್ಮನೇಲೂ ಹಿಂಗೆ ಕೇಳಾರಿಲ್ಲ ಅಕ್ಕಾ" ಎಂದು ಎರಡು ಪೊಟ್ಟಣ ತೆಗೆದುಕೊಂಡು ಹೋದ.