ಎಡಗೈಗೆ ಕಲಿಸಿದ ಅಕ್ಷರಗಳು

ಕಂಪ್ಯೂಟರಿನ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಟೈಪ್‌ರೈಟರಿಗೆ ಹಾಳೆ ಸಿಕ್ಕಿಸಿ ಕೀಲಿ ಒತ್ತಿದರೆ ಅಕ್ಷರ ಬೀಳುತ್ತದೆ, ಮುಗಿಯಿತು. ಇದೋ, ಕಪ್ಪು ಪರದೆಯ ಮೇಲೆ ಒಂದು ಗೆರೆ ಮಿಣುಕುತ್ತ ನನ್ನನ್ನೇ ನೋಡುತ್ತ ಕೂತಿರುತ್ತಿತ್ತು. ಮೊದಲ ದಿನ ಅದರೊಳಗಿನ ಎಡಿಟರ್ ಎಂಬ ಬರೆಯುವ ಪ್ರೋಗ್ರಾಮಿನಿಂದ ಹೊರಗೆ ಬರುವ ದಾರಿ ತಿಳಿಯದೆ ಸ್ವಿಚ್ ಆರಿಸಿ ಬಸ್ ಹತ್ತಿದೆ. ಮಾರನೆಯ ದಿನವೂ ಅದೇ ಹಾಡು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಧುಗಿರಿಯ ಒಂದು ಟೈಪಿಂಗ್ ಶಾಲೆಯಲ್ಲಿ ಹೇಳಿಕೊಡುವ ಕೆಲಸ ನನ್ನದು. ಐ.ಡಿ.ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ನಮ್ಮದು ಕುರಿ ಮೇಯಿಸುವ ಮನೆ. "ಬೆಳಗಿಂದ ಸಂಜೆಗಂಟ ಅದೇನ್ ಕುಟ್ತೀಯೇ, ರಾಗಿನಾ?" ಎಂದು ಅವ್ವ ಕೇಳುತ್ತಿದ್ದಳು. ಕುಟ್ಟುವ ಸದ್ದೇನೋ ನಿಜ. ಮಷೀನುಗಳೆಲ್ಲ ಒಟ್ಟಿಗೆ ಶುರುವಾದರೆ ಬೀದಿಯವರು ಜೋರಾಗಿ ಮಾತಾಡಬೇಕಿತ್ತು. ನಡುನಡುವೆ ಸಾಲು ಮುಗಿಯಿತೆಂದು ಒಂದೊಂದು ಮಷೀನಿನ ಗಂಟೆ ಟಿಣ್ ಎನ್ನುತ್ತಿತ್ತು. ರಿಬ್ಬನ್ನಿನ ಶಾಯಿ, ಮಷೀನಿನ ಎಣ್ಣೆ, ಹುಡುಗಿಯರ ಮಲ್ಲಿಗೆ ಎಲ್ಲ ಸೇರಿ ಒಂದು ವಾಸನೆ. ಕಿಟಕಿಯ ತುಂಬ ಬೆಟ್ಟ. ಆ ಕೋಣೆ ಈಗಲೂ ಕನಸಿಗೆ ಬರುತ್ತದೆ.

ಶಾಲೆ ಮೇಷ್ಟ್ರದು. ಅವರ ಮನೆಯ ಮುಂದಿನ ಕೋಣೆಯೇ ಶಾಲೆ. ನನಗೆ ಟೈಪಿಂಗ್ ಕಲಿಸಿದವರೂ ಅವರೇ. ಕೊರಟಗೆರೆ, ಶಿರಾ, ಪಾವಗಡದ ಎಷ್ಟೋ ಕಚೇರಿಗಳಲ್ಲಿ ಓಡುತ್ತಿದ್ದ ಬೆರಳುಗಳು ಅವರು ತಿದ್ದಿದವು. ಕೀಲಿ ನೋಡುವ ಮಾತೇ ಇಲ್ಲ, ಬಾಗಿಲಿಗೆ ಬಂದವರ ಜೊತೆ ಹರಟುತ್ತಲೇ ಒಂದು ಹಾಳೆ ಮುಗಿಸುತ್ತಿದ್ದರು. ಬೆಂಗಳೂರಿನ ಯಾವುದೋ ಕಚೇರಿಯವರು ಬೇಡವೆಂದ ಕಂಪ್ಯೂಟರನ್ನು ತಂದಿಟ್ಟು, "ಮುಂದಕ್ಕೆ ಇದೇ ಕಣಮ್ಮ" ಎಂದವರೂ ಅವರೇ. ಜೋಡಿಸಲು ಬಂದವನು ಅದೂ ಇದೂ ತೋರಿಸಿ, ಎರಡು ಫ್ಲಾಪಿ, ಒಂದು ಜೆರಾಕ್ಸ್ ಪುಸ್ತಕ ಕೊಟ್ಟು ಹೊರಟುಹೋದ. ಒಂದು ಫ್ಲಾಪಿಯಲ್ಲಿ ಎಡಿಟರ್. ಇನ್ನೊಂದರಲ್ಲಿ ಅದಕ್ಕೆ ಬೇಕೆಂದಾಗ ಸೇರಿಸಿಕೊಳ್ಳುವ ಪ್ಯಾಕೇಜುಗಳು.

ಅದು ಬಂದ ತಿಂಗಳಲ್ಲೇ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಆಸ್ಪತ್ರೆಯಿಂದ ಬಂದವರು ಒಳಕೋಣೆಯಲ್ಲಿ ಗೋಡೆ ನೋಡುತ್ತ ಕೂತುಬಿಟ್ಟರು. ಮಷೀನಿನ ಸದ್ದು ಕೇಳಿದರೆ ಬಾಗಿಲು ಹಾಕಿಸುತ್ತಿದ್ದರು. ಒಂದು ದಿನ ಅವರ ಹೆಂಡತಿ, ನಾವೆಲ್ಲ ಅಮ್ಮನವರೆಂದು ಕರೆಯುತ್ತಿದ್ದವರು, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಎಲ್ಲಾನೂ ಮಾರ್ಬುಡಾದಂತೆ ಕಣಮ್ಮ. ಶಿರಾದ ವ್ಯಾಪಾರಿಗೆ ಹೇಳ್ಕಳ್ಸವ್ರೆ. ಕೈಯೇ ಹೋದ್ಮೇಲೆ ಇಸ್ಕೂಲ್ ಯಾಕೆ ಅಂತಾರೆ."

ನನ್ನ ಕೆಲಸ ಹೋಗುವ ಚಿಂತೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಸಂಕಟವಾದದ್ದು ಅವರು ಆ ಗೋಡೆ ನೋಡುತ್ತಿದ್ದ ರೀತಿಗೆ. ಟೈಪು ಮಾಡದಿದ್ದರೆ ಈ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಕಲಿಯುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಕೈಯಲ್ಲಿ ಕೆಲಸವಿಲ್ಲದೆ ನಾನು ಆ ಹಾಳು ಕಂಪ್ಯೂಟರಿನ ಮುಂದೆ ಪುಸ್ತಕ ಬಿಡಿಸಿಕೊಂಡು ಕೂತೆ. ನಿಧಾನಕ್ಕೆ ಅದರ ಗುಟ್ಟು ಹತ್ತಿತು. ಎಡಿಟರಿನಲ್ಲಿ ಯಾವ ಕೀಲಿ ಏನು ಮಾಡಬೇಕೆಂಬುದನ್ನು ಒಂದು ಕಡೆ ಬರೆದಿಟ್ಟಿರುತ್ತಾರೆ. ಆ ಬರಹ ತಿದ್ದಿದರೆ ಕೀಲಿಯ ಕೆಲಸವೂ ಬದಲಾಗುತ್ತದೆ. ಪ್ಯಾಕೇಜ್ ಎಂದರೆ ಬೇರೆ ಯಾರೋ ತಿದ್ದಿ ಕೊಟ್ಟ ಅಂಥದೇ ಬರಹ. ಒಂದು ಪ್ಯಾಕೇಜ್ ಸಾಲನ್ನು ತಾನೇ ಮುರಿದು ಕೆಳಗಿಳಿಸುತ್ತಿತ್ತು. ಇನ್ನೊಂದು, ಟೈಪು ಮಾಡಿದ್ದನ್ನು ಆಗಾಗ ತಾನೇ ಉಳಿಸಿಡುತ್ತಿತ್ತು. ನಮ್ಮೂರ ಕರೆಂಟನ್ನು ಬಲ್ಲ ನಾನು ಮೊದಲು ಸೇರಿಸಿದ್ದು ಅದನ್ನೇ.

ಆಮೇಲೆ ದುರಾಸೆ ಹುಟ್ಟಿತು. ಫ್ಲಾಪಿಯಲ್ಲಿದ್ದ ಪ್ಯಾಕೇಜುಗಳನ್ನೆಲ್ಲ ಒಟ್ಟಿಗೆ ಸೇರಿಸಿದೆ. ಎರಡು ಪ್ಯಾಕೇಜುಗಳು ಒಂದೇ ಕೀಲಿ ನನ್ನದೆಂದು ಜಗಳಕ್ಕೆ ಬಿದ್ದು ಕಂಪ್ಯೂಟರೇ ಕಲ್ಲಾಯಿತು. ಎಲ್ಲ ತೆಗೆದುಹಾಕಿ, ಒಂದು ಸೇರಿಸಿ, ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು ಎಂಬ ಬುದ್ಧಿ ಬಂದದ್ದು ಆಗ. ಅದರಲ್ಲೂ ಒಂದು ಕಡೆ ಒದ್ದಾಡಿದೆ. ನಮ್ಮ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ, ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನೇ ಒಂದೆಂದು ಒತ್ತುತ್ತಿದ್ದೆವು. ಆ ರೂಢಿಯಲ್ಲೇ ಈ ಕೀಲಿಗಳ ಬರಹದಲ್ಲೂ ಒಂದರ ಬದಲು ಎಲ್ ಒತ್ತಿದ್ದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಕಂಪ್ಯೂಟರ್ ಮಾತ್ರ ಒಪ್ಪುತ್ತಿರಲಿಲ್ಲ. ಅದಕ್ಕೆ ನಾನು ಬೈದ ಬೈಗುಳ ನಮ್ಮ ಕುರಿಗಳೂ ಕೇಳಿರಲಿಕ್ಕಿಲ್ಲ.

ಉಳಿದ ಪ್ಯಾಕೇಜುಗಳಲ್ಲಿ ಒಂದು, ಯಾವುದೋ ದೇಶದ ಭಾಷೆಯ, ತಲೆಯ ಮೇಲೆ ಚುಕ್ಕಿ ಇರುವ ಅಕ್ಷರಗಳನ್ನು ಬರೆಯಲು. ಒಂದು ಗೊತ್ತಾದ ಕೀಲಿ ಒತ್ತಿ, ಆಮೇಲೆ ಅಕ್ಷರ ಒತ್ತಿದರೆ, ಒತ್ತಿದ ಅಕ್ಷರದ ಬದಲು ಚುಕ್ಕಿಯ ಅಕ್ಷರ ಬರುತ್ತಿತ್ತು. ನಮಗೆ ಅದರಿಂದ ಏನಾಗಬೇಕೆಂದು ಮುಚ್ಚುವವಳಿದ್ದೆ. ಆಗಲೇ ಹೊಳೆಯಿತು. ಒಂದು ಕೀಲಿಯಲ್ಲಿ ಎರಡು ಅಕ್ಷರ ಇರಬಹುದಾದರೆ, ಬಲಗೈಯ ಅಕ್ಷರಗಳನ್ನೆಲ್ಲ ಎಡಗೈಗೆ ಕೊಡಬಹುದಲ್ಲ!

ಆ ಪ್ಯಾಕೇಜನ್ನೇ ತಿದ್ದತೊಡಗಿದೆ. ಎಡಗಡೆಯ ಟ್ಯಾಬ್ ಕೀಲಿಯನ್ನು ಕಿರುಬೆರಳಿನಿಂದ ಒತ್ತಿ, ಆಮೇಲೆ ಎಫ್ ಒತ್ತಿದರೆ ಜೆ ಬರಬೇಕು. ಡಿ ಒತ್ತಿದರೆ ಕೆ. ಬಲಗೈಯ ಯಾವ ಬೆರಳಿಗೆ ಯಾವ ಅಕ್ಷರವಿತ್ತೋ ಎಡಗೈಯ ಅದೇ ಬೆರಳಿಗೆ ಆ ಅಕ್ಷರ, ಕನ್ನಡಿಯಲ್ಲಿ ಕಾಣುವ ಹಾಗೆ. ಬಲಗೈಗೆ ಸೆರಗು ಸುತ್ತಿಕೊಂಡು ನಾನೇ ಅಭ್ಯಾಸ ಮಾಡಿದೆ. ಪಾವಗಡದಿಂದ ಬರುತ್ತಿದ್ದ ಹುಡುಗಿಯೊಬ್ಬಳು, "ಏಮಕ್ಕಾ, ಕೈಗೇನಾಯ್ತು?" ಎಂದು ಗಾಬರಿಯಾದಳು.

ಒಳಕೋಣೆಗೆ ಹೋಗಿ ಮೇಷ್ಟ್ರಿಗೆ ಎಲ್ಲ ವಿವರಿಸಿದೆ. ಅವರು ಮುಖ ತಿರುಗಿಸಿ, "ಹೋಗಮ್ಮ ಅತ್ಲಾಗೆ" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಾನ್ ನಿಮ್ತಾವ ಬಂದಾಗ ಇವು ಕುರಿ ಕಾಯೋ ಬೆರಳಾಗಿದ್ವು ಸಾ. ಆವತ್ತು ಹೋಗು ಅಂದಿದ್ರಾ? ಕಲಿಯಾದು ಬರೀ ನಮ್ಗೇನಾ?" ಎಂದುಬಿಟ್ಟೆ. ನಾನು ಅಳುತ್ತ ಬಸ್ ಹತ್ತಿದೆ.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಟೆಂಪೋ ನಿಂತಿತ್ತು. ಶಿರಾದ ವ್ಯಾಪಾರಿ ಒಂದೊಂದೇ ಮಷೀನಿನ ಉರುಳೆ ತಿರುಗಿಸಿ ನೋಡುತ್ತಿದ್ದ. ಕೊನೆಗೆ ಕಂಪ್ಯೂಟರಿನ ತಲೆ ತಟ್ಟಿ, "ಇದೂ ಕೊಡ್ತೀರೇನಮ್ಮಾ?" ಎಂದ. ಆ ಹೊತ್ತಿಗೆ ಮೇಷ್ಟ್ರು ಅಮ್ಮನವರ ಭುಜ ಹಿಡಿದು ಕಾಲೆಳೆಯುತ್ತ ಹೊರಗೆ ಬಂದರು. ನೇರ ಕಂಪ್ಯೂಟರಿನ ಕುರ್ಚಿಗೆ ಬಂದು ಕೂತರು. ನನ್ನ ಕಡೆ ನೋಡದೆ, "ತೋರ್ಸು" ಎಂದರು.

ಟ್ಯಾಬ್ ತೋರಿಸಿದೆ, ಎಫ್ ತೋರಿಸಿದೆ, ಜೆ ಬಂತು. ಅವರು ಎಡಗೈಯನ್ನು ಕೀಲಿಗಳ ಮೇಲೆ ಇಟ್ಟರು. ಮೊದಲ ಸಾಲು ಬರೀ ಕಸ. ಅಳಿಸಿದರು. ಎರಡನೆಯದೂ ಅಷ್ಟೇ. ಹಣೆಯಲ್ಲಿ ಬೆವರು ಬಂತು, ಸ್ವಾಧೀನವಿಲ್ಲದ ಬಲಗೈ ತೊಡೆಯ ಮೇಲೆ ಜಾರಿ ಬಿತ್ತು. ಈಗ ಎದ್ದುಬಿಡುತ್ತಾರೆ ಎಂದುಕೊಂಡೆ. ಏಳಲಿಲ್ಲ. ಕಣ್ಣನ್ನು ಎದುರಿನ ಗೋಡೆಗೆ ನೆಟ್ಟು, ಕೀಲಿ ನೋಡದೆ, ಮೊದಲ ದಿನದ ಪಾಠವನ್ನು ಹೊಸಬರ ಹಾಗೆ ತುಟಿಯಲ್ಲಿ ಹೇಳಿಕೊಳ್ಳುತ್ತ ಒತ್ತತೊಡಗಿದರು.

"ಮೇಷ್ಟ್ರೇ, ಟೆಂಪೋ ನಿಂತೈತೆ, ಜಲ್ದಿ ಮಾತಾಡಾಣ" ಎಂದ ವ್ಯಾಪಾರಿ. ಮೇಷ್ಟ್ರು ತಡಿ ಎನ್ನುವಂತೆ ಎಡಗೈ ಎತ್ತಿ, ಮತ್ತೆ ಕೀಲಿಗಿಟ್ಟರು. ಅಮ್ಮನವರು ಅವನಿಗೆ ಕಾಫಿ ಕೊಟ್ಟರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಮೇಷ್ಟ್ರ ಬೆನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು, "ಈ ಸೌದಾ ಆಗಾಕಿಲ್ಲ ಬುಡಮ್ಮಾ, ನೋಡಿದ್ರೆ ತಿಳಿಯಲ್ವಾ" ಎಂದು ನಗುತ್ತ ಟೆಂಪೋ ಹತ್ತಿದ. ಒಳ್ಳೆಯ ಮನುಷ್ಯ.

ಮಧ್ಯಾಹ್ನದ ಊಟದ ಹೊತ್ತಿಗೆ ಮೇಷ್ಟ್ರು ಬೆರಳು ನಿಲ್ಲಿಸಿ ನನ್ನತ್ತ ತಲೆಯಾಡಿಸಿ ಪರದೆ ತೋರಿಸಿದರು. ಇಂಗ್ಲಿಷಿನಲ್ಲಿ ಮೂರು ಸಣ್ಣ ವಾಕ್ಯ. ಕಿರುಬೆರಳಿಗೆ ಇಷ್ಟೊಂದು ಹೊರೆ ಹೇರಿದ ಮೂರ್ಖರು ಯಾರು? ಪದಗಳ ನಡುವೆ ಜಾಗ ಬಿಡುವುದು ಬಿಟ್ಟರೆ ಹೆಬ್ಬೆರಳು ಖಾಲಿ ಕೂತಿದೆ, ಕಾಣುವುದಿಲ್ಲವೆ? ಎಲ್ಲ ಮತ್ತೆ ಮಾಡು. ಹುಡುಕಿದರೂ ಒಂದು ತಪ್ಪಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಏನ್ ಬರ್ದವ್ರಮ್ಮಾ?" ಎಂದು ಹೆದರುತ್ತಲೇ ಕೇಳಿದರು.

"ಬೈದವ್ರೆ."

"ಯಾರ್ನ?"

"ನನ್ನೇ ಕಣಮ್ಮ. ಮೂರ್ಖಿ ಅಂತ."

ಅವರು ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟರು. ಸೆರಗಿನಿಂದ ಕಣ್ಣೊತ್ತಿಕೊಂಡು, "ಇನ್ನೊಂದ್ಸಲ ಓದಮ್ಮ" ಎಂದರು.